ಅಡಿಕೆ ದುಡ್ಡು ಮತ್ತು ನಿಫ್ಟಿ ಇಂಡೆಕ್ಸ್ ಫಂಡ್: 2017ರಿಂದ ಇಟ್ಕೊಂಡವನ ಅನುಭವ

ನಾನು ಇಟ್ಕೊಂಡಿರೋ ಫಂಡು ನಿಫ್ಟಿ 50 ಇಂಡೆಕ್ಸ್, ಅಂದ್ರೆ ಷೇರುಪೇಟೆಯ ನಿಫ್ಟಿ ಸೂಚ್ಯಂಕದಲ್ಲಿರೋ ಷೇರುಗಳನ್ನೇ ತಗೊಳೋ ಮ್ಯೂಚುವಲ್ ಫಂಡು. ಡೈರೆಕ್ಟ್ ಪ್ಲಾನ್ (ಏಜೆಂಟ್ ಕಮಿಷನ್ ಇಲ್ದೆ ನೇರವಾಗಿ ತಗೊಳೋದು), ಗ್ರೋತ್ ಆಪ್ಷನ್ (ಲಾಭ ಕೈಗೆ ಕೊಡ್ದೆ ಫಂಡಲ್ಲೇ ಬೆಳೆಯೋದು). 2017ರಿಂದ ಇದೆ, ಈಗ್ಲೂ ಹಾಕ್ತಾ ಇದೀನಿ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ನಮ್ದು. ಯೂಟ್ಯೂಬಲ್ಲಿ ಹೇಳೋರೆಲ್ಲ ತಿಂಗಳ ಸಂಬಳದವರ ಲೆಕ್ಕದಲ್ಲೇ ಹೇಳ್ತಾರೆ, ಅದಕ್ಕೆ ವರ್ಷಕ್ಕೊಂದ್ಸಲ ದುಡ್ಡು ನೋಡೋ ನಮ್ಮಂಥವರಿಗೆ ಇದು ಹೆಂಗೆ ಅಂತ ಬರೀತಿದೀನಿ.

ನಂಗೆ ಇದು ಇಷ್ಟ ಆಗಿರೋದಕ್ಕೆ ದೊಡ್ಡ ಕಾರಣ ರಿಟರ್ನ್ ಅಲ್ಲ ಮಾರಾಯ್ರೆ. ನಮ್ಮನೆ ಖರ್ಚು, ಸೊಸೈಟಿ ಸಾಲ, ಮಕ್ಳ ಫೀಸು, ಮದುವೆ ಮುಂಜಿ ಎಲ್ಲಾ ನಿಂತಿರೋದು ಅಡಿಕೆ ಮೇಲೆ. ಮಳೆ ಸ್ವಲ್ಪವೂ ಬಿಡುವು ಕೊಡ್ದೆ ಹೊಡೀತಾ ಬೋರ್ಡೋ ಔಷಧಿ ಹೊಡ್ಸಕ್ಕೆ ಆಗ್ದೆ ಕೊಳೆ ರೋಗ ಬಂತು, ಇಲ್ಲಾ ಎಲೆಚುಕ್ಕಿ ರೋಗ ಹತ್ತಿತು ಅಂದ್ರೆ ಆ ವರ್ಷ ಎಲ್ಲಾ ಒಟ್ಟಿಗೇ ಕೈ ಕೊಡುತ್ತೆ. ಹಿಂಗಿದ್ರೂ ರಾಶಿ ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ನಾವು ಮಾಡೋದೇನು, ಪಕ್ಕದ ಒಂದೆಕರೆ ತೋಟ ತಗೊಳೋದು. ನಿಫ್ಟೀಲಿರೋದು ಬ್ಯಾಂಕು, ಐಟಿ, ಪೆಟ್ರೋಲು, ಕಾರು, ಔಷಧಿ ಮಾಡೋ 50 ದೊಡ್ಡ ಕಂಪನಿಗಳು. ಅದೂ ಬೀಳುತ್ತೆ, ಆದ್ರೆ ನಮ್ಮ ತೋಟದ ಕೊಳೆಗೆ ಬೀಳಲ್ಲ. ಮನೇಲಿ ಅಡಿಕೆಗೆ ಸಂಬಂಧನೇ ಇಲ್ದಿರೋ ಒಂದು ಗಂಟು ಇರ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ತಿಂಗಳ ಎಸ್‌ಐಪಿ, ಅಂದ್ರೆ ಪ್ರತಿ ತಿಂಗಳು ಬ್ಯಾಂಕ್ ಅಕೌಂಟಿಂದ ಫಂಡಿಗೆ ಕಂತು ಹೋಗೋದು, ನಮಗೆ ಸರಿ ಹೊಂದಲ್ಲ. ಜುಲೈ ಆಗಸ್ಟಲ್ಲಿ ಔಷಧಿ, ಕೂಲಿ ಅಂತ ಅಕೌಂಟ್ ಖಾಲಿ ಇರುತ್ತೆ, ಕಂತು ಬೌನ್ಸ್ ಆದ್ರೆ ಫಂಡಿನವರು ದಂಡ ಹಾಕಲ್ಲ, ಬ್ಯಾಂಕು ಹಾಕುತ್ತೆ. ಅದಕ್ಕೆ ಮಂಡೀಲಿ ಅಡಿಕೆ ಕೊಟ್ಟು ದುಡ್ಡು ಬಂದ ಕೂಡ್ಲೇ ಅದೇ ಫಂಡ್ ಕಂಪನಿಯ ಲಿಕ್ವಿಡ್ ಫಂಡಿಗೆ (ಷೇರಿಗೆ ಹಾಕ್ದೆ ಕಡಿಮೆ ಅವಧಿ ಸಾಲಪತ್ರಗಳಲ್ಲಿ ದುಡ್ಡು ಇಡೋ ಫಂಡು) ಒಟ್ಟಿಗೆ ಹಾಕಿ, ಅಲ್ಲಿಂದ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಇಂಡೆಕ್ಸ್ ಫಂಡಿಗೆ ತಾನಾಗೇ ಹೋಗೋ ಹಾಗೆ ಇಟ್ಟಿದೀನಿ, ಇದಕ್ಕೆ ಎಸ್‌ಟಿಪಿ ಅಂತಾರೆ. ಮಳೆಗಾಲದಲ್ಲಿ ಕರೆಂಟು ನೆಟ್‌ವರ್ಕು ಎರಡೂ ಇಲ್ದಿದ್ರೂ ಅದರ ಪಾಡಿಗೆ ಅದು ನಡೀತಾ ಇರುತ್ತೆ. ನಂಗೆ ಅತ್ಯಂತ ಉಪಯೋಗಕ್ಕೆ ಬಂದ ವ್ಯವಸ್ಥೆ ಇದೇ.

ಫಂಡಿನವರು ವರ್ಷವರ್ಷ ಹಿಡ್ಕೊಳೋ ಖರ್ಚಿನ ವಿಷಯ. ಡೈರೆಕ್ಟ್ ಪ್ಲಾನ್ ಅನ್ನೋದು 2013ರ ಜನವರಿಯಿಂದ ಇದೆ. ಖರ್ಚು 0.2% ಇದ್ರೆ 5 ಲಕ್ಷಕ್ಕೆ ವರ್ಷಕ್ಕೆ 1,000 ರೂಪಾಯಿ, ಅದೇ 1.5% ತಗೊಳೋ ಫಂಡಾದ್ರೆ 7,500. ಲಾಭ ಆಗ್ಲಿ ನಷ್ಟ ಆಗ್ಲಿ ಅದು ಪ್ರತಿ ವರ್ಷ ಹೋಗ್ತಾನೇ ಇರುತ್ತೆ. ನಿಫ್ಟಿ ಫಂಡು ಅಂದ್ಮೇಲೆ ಯಾವ ಕಂಪನಿದಾದ್ರೂ ಒಳಗೆ ಅವೇ 50 ಷೇರು, ಹಾಗಾಗಿ ಖರ್ಚು ಕಮ್ಮಿ ಇರೋದು, ಸೂಚ್ಯಂಕಕ್ಕಿಂತ ಹಿಂದೆ ಬೀಳದೇ ಇರೋದು ನೋಡಿದ್ರೆ ಸಾಕು. ವರ್ಷಕ್ಕೆರಡು ಸಲ, ಮಾರ್ಚ್ ಸೆಪ್ಟೆಂಬರ್ ಕೊನೆಗೆ ನಿಫ್ಟಿ ಕಂಪನಿಗಳ ಪಟ್ಟಿ ಬದಲಾಗುತ್ತೆ, ಅದನ್ನೂ ನಾವು ನೋಡ್ಬೇಕಿಲ್ಲ. 2020ರ ಮಾರ್ಚಲ್ಲಿ ಯೆಸ್ ಬ್ಯಾಂಕ್ ಹೊರಗೆ ಹೋಗಿ ಶ್ರೀ ಸಿಮೆಂಟ್ ಒಳಗೆ ಬಂತು, ಫಂಡಿನವರೇ ಬದಲಾಯಿಸಿದ್ರು.

ಬೀಳೋದನ್ನ ಹೇಳ್ದೆ ಇದ್ರೆ ಮೋಸ ಆಗುತ್ತೆ. 2020ರ ಜನವರೀಲಿ 12,400 ದಾಟಿದ್ದ ನಿಫ್ಟಿ ಮಾರ್ಚ್ 23ಕ್ಕೆ ಒಂದೇ ದಿನ ಸುಮಾರು 13% ಬಿದ್ದು 7,610ಕ್ಕೆ ಬಂದಿತ್ತು. ಅದೇ ವರ್ಷ ನವೆಂಬರಿಗೆ ವಾಪಸ್ ಬಂತು ಅನ್ನೋದು ಈಗ ಗೊತ್ತು, ಆಗ ಯಾರಿಗೂ ಗೊತ್ತಿರ್ಲಿಲ್ಲ. ಪ್ರತಿ ಸಲ ಅಷ್ಟು ಬೇಗ ಏಳುತ್ತೆ ಅಂತ ಯಾರೂ ಅಂದ್ಕೋಬೇಡಿ, 2008ರ ಜನವರೀಲಿ 6,300 ಮುಟ್ಟಿ ಬಿದ್ದಿದ್ದು ಅದರ ಮೇಲೆ ಗಟ್ಟಿಯಾಗಿ ನಿಲ್ಲಕ್ಕೆ 2014 ಬರಬೇಕಾಯ್ತು. ಅಡಿಕೆ ಸಸಿ ಇಟ್ಟು ಫಸಲಿಗೆ ಕಾಯೋಷ್ಟು ವರ್ಷ ಬೇಕು ಇದಕ್ಕೂ. ಮುಂದಿನ ವರ್ಷ ಬಾವಿ ತೆಗ್ಸೋ ದುಡ್ಡು, ಅಡಿಕೆ ಕೊನೆ ಕೊಯ್ಯೋ ಕೊನೆಗಾರರಿಗೆ ಕೊಡೋ ದುಡ್ಡು ಇಲ್ಲಿ ಹಾಕ್ಲೇಬಾರದು. ಇನ್ನೊಂದು ಕೊರತೆ, ನಿಫ್ಟೀಲಿ ಮೂರನೇ ಒಂದು ಭಾಗದಷ್ಟು ಬ್ಯಾಂಕು, ಫೈನಾನ್ಸ್ ಕಂಪನಿಗಳೇ.

ಟ್ಯಾಕ್ಸ್ ಬಗ್ಗೆ ನಮ್ಮ ಕಡೆ ತಪ್ಪು ತಿಳುವಳಿಕೆ ಇದೆ. ಅಡಿಕೆ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ಆ ದುಡ್ಡಲ್ಲಿ ತಗೊಂಡ ಫಂಡಿನ ಲಾಭಕ್ಕೂ ಇಲ್ಲ ಅಂದ್ಕೊಂಡಿದಾರೆ. ಹಾಗಲ್ಲ. ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದ್ರೆ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ಮೀರಿದ ಲಾಭಕ್ಕೆ 12.5%, 2024ರ ಜುಲೈ 23ರಿಂದ ಈ ದರ.

ಶುರು ಮಾಡೋರು ಮೊದ್ಲು ಆಧಾರ್, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ನೋಡ್ಕೊಳಿ. ನಮ್ಮ ಅಪ್ಪಯ್ಯನ ಕೆವೈಸಿ (ಗುರುತಿನ ದಾಖಲೆ ಪರಿಶೀಲನೆ) ನಿಂತಿದ್ದು ಇದಕ್ಕೇ. ನಾಮಿನಿ ಹೆಸರನ್ನೂ ಆವಾಗ್ಲೇ ಹಾಕ್ಬಿಡಿ, ಮತ್ತೆ ಈ ಥರ ಒಂದು ದುಡ್ಡಿದೆ, ಇಂಥ ಕಡೆ ಇದೆ ಅಂತ ಮನೆಯವ್ರಿಗೆ ಹೇಳಿಡಿ.