ಸಿನಿಮಾ ಸಂಕಲನವೋ ವಿಡಿಯೊ ಎಡಿಟಿಂಗೋ? ಎರಡೂ ಕಡೆ ದುಡಿದವನ ಲೆಕ್ಕ

ತಂತ್ರಾಂಶದ ಮಟ್ಟಿಗೆ ಸಿನಿಮಾ ಸಂಕಲನಕ್ಕೂ ಆನ್‌ಲೈನ್ ವಿಡಿಯೊಗಳ ಎಡಿಟಿಂಗಿಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ದೊಡ್ಡ ಚಿತ್ರಗಳಲ್ಲಿ ಆವಿಡ್ ಬಳಕೆ ಹೆಚ್ಚು. ಪ್ರೀಮಿಯರ್ ಪ್ರೊ, ಡಾವಿಂಚಿ ರಿಸಾಲ್ವ್ ಎರಡೂ ಕಡೆ ಸಿಗುತ್ತವೆ. ಅಂತರವಿರುವುದು ಕೆಲಸ ಕಲಿಯುವ ದಾರಿಯಲ್ಲಿ, ಕೈಗೆ ಹಣ ಬರುವ ರೀತಿಯಲ್ಲಿ.

ಸಿನಿಮಾದಲ್ಲಿ ನಾನು ಸೇರಿದ್ದು ಸಂಕಲನಕಾರರ ಸಹಾಯಕನಾಗಿ. ಕ್ಲ್ಯಾಪ್ ಸದ್ದು ಹಿಡಿದು ಚಿತ್ರಕ್ಕೆ ಧ್ವನಿ ಹೊಂದಿಸುವುದು, ಭಾರದ ಫೈಲುಗಳಿಗೆ ಪ್ರಾಕ್ಸಿ, ಅಂದರೆ ಹಗುರವಾದ ನಕಲು, ತಯಾರಿಸುವುದು, ನಿರ್ದೇಶಕರು ಮೆಚ್ಚಿದ ಟೇಕ್‌ಗಳಿಗೆ ಗುರುತು ಹಾಕುವುದು: ದಿನವೆಲ್ಲ ಇದೇ. ಬೇಸರದ ಕೆಲಸ, ಅನುಮಾನವೇ ಇಲ್ಲ. ಆದರೆ ಒಂದೇ ಮಾತಿನ ಹತ್ತಾರು ಟೇಕ್ ನೋಡುತ್ತ ಹೋದಂತೆ, ಮಾತು ಮುಗಿದ ಕೂಡಲೇ ಕತ್ತರಿಸಬೇಕೋ, ಕೇಳಿಸಿಕೊಂಡವರ ಮುಖದ ಮೇಲೆ ಕೊಂಚ ನಿಲ್ಲಬೇಕೋ ಎಂಬ ವಿವೇಚನೆ ಬೆಳೆಯುತ್ತದೆ. ಅಸೆಂಬ್ಲಿ (ದೃಶ್ಯಗಳನ್ನು ಸಾಲಾಗಿ ಜೋಡಿಸುವುದು), ರಫ್ ಕಟ್ (ಒರಟು ರೂಪ), ಫೈನ್ ಕಟ್ (ನಯಗೊಳಿಸಿದ ರೂಪ) ದಾಟಿ ಪಿಕ್ಚರ್ ಲಾಕ್, ಅಂದರೆ ಇನ್ನು ಕತ್ತರಿ ಆಡಿಸುವುದಿಲ್ಲ ಎಂಬ ಹಂತ, ಆಗಲು ತಿಂಗಳುಗಳೇ ಬೇಕು. ಆರಂಭದಲ್ಲಿ ಒಂದು ನೋಟ ತೆಗೆದರೆ ಕ್ಲೈಮ್ಯಾಕ್ಸ್‌ನ ಅಳುವಿಗೆ ಆಧಾರ ತಪ್ಪುತ್ತದೆ. ಹಾಗಾಗಿ ಎರಡು ಗಂಟೆಯ ಚಿತ್ರ ಸದಾ ತಲೆಯಲ್ಲಿ ಓಡುತ್ತಿರಬೇಕು. ಲಾಕ್ ಆದ ಮೇಲೆ ಬಣ್ಣ, ಧ್ವನಿ, ವಿಎಫ್‌ಎಕ್ಸ್ ಬೇರೆಯವರ ಪಾಲಿಗೆ ಹೋಗುತ್ತವೆ. ಆಮೇಲೆ ಎಲ್ಲೋ ಒಂದು ಫ್ರೇಮ್ ತೆಗೆದರೂ ಅವರೆಲ್ಲರ ಲೆಕ್ಕ ಜಾರುತ್ತದೆ, ಬೈಗುಳ ನಮಗೆ.

ವಿಡಿಯೊದಲ್ಲಿ ಈ ಹಂಚಿಕೆಯೇ ಇಲ್ಲ. ಬಣ್ಣ, ಧ್ವನಿ, ಅಕ್ಷರ, ಉಪಶೀರ್ಷಿಕೆ, ಥಂಬ್‌ನೇಲ್, ಎಲ್ಲಕ್ಕೂ ಒಬ್ಬನೇ. ಅಡ್ಡ ಚೌಕಟ್ಟಿನ 16:9ರಲ್ಲಿ ಮುಗಿಸಿದ್ದನ್ನು ಮೊಬೈಲಿಗೆಂದು ನಿಲುವು ಚೌಕಟ್ಟಿನ 9:16ಕ್ಕೆ ಮತ್ತೆ ಕೂರಿಸಬೇಕು. ಸಿನಿಮಾದಲ್ಲಿ ಕಾಪಾಡಿಕೊಂಡ ಮೌನವನ್ನೇ ಇಲ್ಲಿ ಮೊದಲು ಕಿತ್ತುಹಾಕುತ್ತೇವೆ, ಮಾತಿನ ನಡುವಿನ ಉಸಿರನ್ನೂ ಬಿಡುವುದಿಲ್ಲ. ನೋಡುಗರು ಎಲ್ಲಿ ಎದ್ದುಹೋದರು ಎಂಬುದನ್ನು ಗ್ರಾಫ್ ಮರುದಿನವೇ ತೋರಿಸುತ್ತದೆ. ಏಕೆ ಹೋದರು ಎಂಬುದನ್ನು ಅದು ಹೇಳುವುದಿಲ್ಲ. ಗಿರಾಕಿ ಮಾತ್ರ ಸಂಗೀತದ ಸದ್ದು ಏರಿಸಿ ಎನ್ನುತ್ತಾರೆ.

ಹಣದ ವಿಷಯದಲ್ಲಿ ವಿಡಿಯೊ ವಾಸಿ. ತಿಂಗಳ ಸಂಬಳ ಉಂಟು, ಇಲ್ಲವೇ ತುಣುಕಿಗಿಷ್ಟು ಎಂಬ ದರ. ತಿದ್ದುಪಡಿ ಎಷ್ಟು ಸುತ್ತು ಎಂಬುದನ್ನು ಮೊದಲೇ ಬರೆಸಿಕೊಳ್ಳದಿದ್ದರೆ ಆ ದರಕ್ಕೆ ಅರ್ಥವಿಲ್ಲ, ಅದು ಬೇರೆ ಮಾತು. ಸಿನಿಮಾದಲ್ಲಿ ನನಗೆ ಹಣ ಬಂದದ್ದು ಕಂತಿನಲ್ಲಿ. ಕೊನೆಯ ಕಂತು ಬಿಡುಗಡೆಯ ದಾರಿ ಕಾಯುತ್ತದೆ, ಚಿತ್ರ ಮುಗಿದ ಮೇಲೆ ಮುಂದಿನದು ಯಾವಾಗ ಎಂಬ ಖಾತರಿಯೂ ಇಲ್ಲ. ಹೊಸಬರು ಗಮನಿಸದ ಇನ್ನೊಂದು ಸಂಗತಿ: ವಿಡಿಯೊ ಎಡಿಟರ್ ತನ್ನ ಕೆಲಸದ ಕೊಂಡಿ ಕಳಿಸಿ ಅಂದೇ ಹೊಸ ಅವಕಾಶ ಕೇಳಬಹುದು. ಸಹಾಯಕನಿಗೆ ಶೀರ್ಷಿಕೆಯಲ್ಲಿ ಹೆಸರು ಬಂದರೂ ತೋರಿಸಲು ಸ್ವಂತದ್ದೆಂಬ ಒಂದು ಕಟ್ ಇರುವುದಿಲ್ಲ. ಅವನ ಪರವಾಗಿ ಸಂಕಲನಕಾರರೇ ಬಾಯಿ ಬಿಡಬೇಕು.

ತಾಳ್ಮೆಯ ಜೊತೆಗೆ ಮನೆಯ ಆಸರೆಯೂ ಇರುವವರು ಸಹಾಯಕರಾಗಿ ಸೇರಲಿ. ಉಳಿದವರಿಗೆ ವಿಡಿಯೊ, ಬಿಡುವಿನಲ್ಲಿ ಯಾರದಾದರೂ ಕಿರುಚಿತ್ರ. ನಾನೀಗ ಮಾಡುತ್ತಿರುವುದೂ ಅದನ್ನೇ.