ಆಗ್ರಾ–ರಣಥಂಬೋರ್ ದಾರಿಯೋ, ಖಜುರಾಹೊ–ಪನ್ನಾ ದಾರಿಯೋ?

ಸ್ಮಾರಕವೂ ಬೇಕು, ಹುಲಿಕಾಡೂ ಬೇಕು, ಗೈಡ್ ಜೊತೆ ಕಾರಲ್ಲೇ ಸುತ್ತಬೇಕು ಅನ್ನುವವರು ಸಾಮಾನ್ಯವಾಗಿ ಈ ಎರಡರ ನಡುವೆ ಒದ್ದಾಡುತ್ತಾರೆ.

ತಾಜ್ ಮಹಲ್ ಇನ್ನೂ ನೋಡಿಲ್ಲ ಅಂದರೆ ಯೋಚನೆಯೇ ಬೇಡ, ಆಗ್ರಾ, ಫತೇಪುರ್ ಸಿಕ್ರಿ, ರಾಜಸ್ಥಾನದ ಹುಲಿಕಾಡು ರಣಥಂಬೋರ್, ಜೈಪುರ ಅಂತ ಹೋಗಿ. ಶುಕ್ರವಾರ ತಾಜ್ ಮುಚ್ಚಿರುತ್ತದೆ, ನೆನಪಿರಲಿ. ರಣಥಂಬೋರ್‌ನಲ್ಲಿ ಕೋಟೆ ಇರುವುದೇ ಕಾಡಿನ ಮಧ್ಯೆ, 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಆದರೆ ಜನ ಜಾಸ್ತಿ, ಕಾರಲ್ಲಿ ಕೂರುವುದೂ ಜಾಸ್ತಿ.

ನನ್ನ ಮನಸ್ಸು ಮಾತ್ರ ಮಧ್ಯಪ್ರದೇಶದ ಹುಲಿಕಾಡು ಪನ್ನಾ ಕಡೆಗೇ. ಖಜುರಾಹೊದಿಂದ ಈ ಕಾಡಿನ ಪ್ರವೇಶದ್ವಾರವಾದ ಮಡ್ಲಾ ಗೇಟ್ ತೀರಾ ಹತ್ತಿರ, ಹಾಗಾಗಿ ಬೆಳಿಗ್ಗೆ ಸಫಾರಿ ಮುಗಿಸಿ ಸಂಜೆ ಬಿಸಿಲು ಇಳಿದ ಮೇಲೆ ಖಜುರಾಹೊದಲ್ಲಿ ಚಂದೇಲ ರಾಜರ ದೇವಸ್ಥಾನಗಳನ್ನು ನಿಧಾನವಾಗಿ ನೋಡಬಹುದು. 2009ರ ಹೊತ್ತಿಗೆ ಇಲ್ಲಿ ಹುಲಿಗಳೇ ಇಲ್ಲವಾಗಿದ್ದವು. ಬೇರೆ ಕಾಡುಗಳಿಂದ ತಂದು ಬಿಟ್ಟು, ಕಾವಲು ಕಾದು, ಮತ್ತೆ ಸಂಸಾರ ಬೆಳೆಸಿದರು. ಎಂಥ ಕೆಲಸ ಅಲ್ವಾ! ಹುಲಿ ಸಿಗದಿದ್ದರೂ ಕೆನ್ ನದಿ, ಬಂಡೆಗಳ ಮೇಲಿನ ರಣಹದ್ದುಗಳು ಇವೆ.

ಎರಡೂ ಕಡೆ ಟೂರ್ ಗೈಡ್ ಬೇರೆ, ಕಾಡಿನೊಳಗಿನ ಗೈಡ್ ಬೇರೆ. ಸಫಾರಿ ಸೀಟು ಪ್ಯಾಕೇಜ್‌ನಲ್ಲಿ ಸೇರಿದೆಯಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮುಖ್ಯ ಕಾಡು ಮುಚ್ಚಿರುತ್ತದೆ, ಆಗ ಸುಮ್ನೆ ಹೋಗಬೇಡಿ.