ಗೋಡೆ ಒಡೆದು ಕಾರು ಒಳಬಂದಾಗ ‘ಭಾರತ್ ಗೃಹ ರಕ್ಷಾ’ ಎಷ್ಟು ಕೈಹಿಡಿಯುತ್ತದೆ? ಪುಣೆಯ ಮನೆಯವರಿಗಾಗಿ ಒಂದು ವಿಮರ್ಶೆ

ಕಾತ್ರಜ್‌ನ ಹೊಸ ಸುರಂಗ ದಾಟಿ ನವಲೆ ಸೇತುವೆ ಕಡೆ ಇಳಿಯುವ ಹೆದ್ದಾರಿಯಲ್ಲಿ ಬ್ರೇಕ್ ಸೋತ ಲಾರಿಗಳ ಸುದ್ದಿ ಪುಣೆಯವರಿಗೆ ಹೊಸದಲ್ಲ. ಆದರೆ ವಾಹನ ಮನೆಗೆ ನುಗ್ಗಲು ಹೆದ್ದಾರಿಯೇ ಬೇಕಿಲ್ಲ. ನೇರ ರಸ್ತೆ ಬಂದು ಎದುರಿಗೇ ಮುಗಿಯುವ ಮೂರುದಾರಿಯ ಮನೆ, ಇಳಿಜಾರಿನ ತಿರುವಿನ ಮನೆ, ರಸ್ತೆಗೆ ಅಂಟಿಕೊಂಡ ರೋ-ಹೌಸ್, ಇವೆಲ್ಲಕ್ಕೂ ಈ ಅಪಾಯವಿದೆ. ಇಂಥ ಮನೆಯವರ ದೃಷ್ಟಿಯಿಂದ ಮಾತ್ರ ಇಲ್ಲಿ ‘ಭಾರತ್ ಗೃಹ ರಕ್ಷಾ’ ಎಂಬ ಗೃಹವಿಮಾ ಪಾಲಿಸಿಯನ್ನು ತೂಗಿದ್ದೇವೆ. ಪಾಲಿಸಿ ಒಳ್ಳೆಯದೇ. ಆದರೆ ಕೈಗೆ ಬರುವ ಹಣ ಎಷ್ಟು ಎಂಬುದು ಮೊದಲ ದಿನ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ.

ವಿಮಾ ನಿಯಂತ್ರಕ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ಪಾಲಿಸಿ ಇದು. ಯಾವ ಕಂಪನಿಯಿಂದ ಕೊಂಡರೂ ಮೂಲ ಒಕ್ಕಣೆ ಒಂದೇ. ಹೊರಗಿನ ಯಾವುದೇ ವಸ್ತು ಬಂದು ಬಡಿದು ಆದ ಹಾನಿಗೆ ಇದರಲ್ಲಿ ರಕ್ಷಣೆ ಇದೆ. ವಾಹನದ ಹೆಸರನ್ನು ಅಲ್ಲೇ ಉದಾಹರಣೆಯಾಗಿ ಹೇಳಲಾಗಿದೆ. ನಮಗೆ ಹೆಚ್ಚು ಮೆಚ್ಚುಗೆಯಾದದ್ದು ‘ಮನೆ’ ಎಂಬುದರ ವ್ಯಾಪ್ತಿ. ಕಂಪೌಂಡ್ ಗೋಡೆ, ಗೇಟು, ವರಾಂಡ, ನೀರಿನ ಟಾಕಿ, ಸೆಪ್ಟಿಕ್ ಟ್ಯಾಂಕ್, ಸೋಲಾರ್ ಪ್ಯಾನೆಲ್ ಎಲ್ಲವೂ ಕಟ್ಟಡದ ಲೆಕ್ಕಕ್ಕೇ ಬರುತ್ತವೆ. ಕಾರು ಮೊದಲು ಕೆಡವುವುದೇ ಗೇಟು ಮತ್ತು ಕಂಪೌಂಡನ್ನಲ್ಲವೇ? ಪೋರ್ಟಿಕೋದಲ್ಲಿ ನಿಂತಿದ್ದ ನಿಮ್ಮ ಸ್ವಂತ ಕಾರು ಜಜ್ಜಿಹೋದರೆ ಮಾತ್ರ ಇಲ್ಲಿ ಕೇಳುವಂತಿಲ್ಲ, ಅದಕ್ಕೆ ಆ ಕಾರಿನ ವಿಮೆಯೇ ಗತಿ.

“ಗುದ್ದಿದವನ ವಿಮೆಯಿಂದಲೇ ವಸೂಲಿ ಮಾಡೋಣ, ನಮ್ಮದೇಕೆ?” ಎಂದು ಹಲವರು ಕೇಳುತ್ತಾರೆ. ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆಯಲ್ಲಿ ಪರರ ಆಸ್ತಿಹಾನಿಗೆ ಸಾಮಾನ್ಯ ಮಿತಿ 7.5 ಲಕ್ಷ ರೂಪಾಯಿ. ಆದರೆ ಪ್ರೀಮಿಯಂ ಉಳಿಸಲು ಆ ಮಿತಿಯನ್ನು 6,000 ರೂಪಾಯಿಗೆ ಇಳಿಸಿಕೊಂಡವರೂ ಇರುತ್ತಾರೆ. ಮೇಲಾಗಿ ಆ ದಾರಿ ಸಾಗುವುದು ಶಿವಾಜಿನಗರದ ನ್ಯಾಯಾಲಯದಲ್ಲಿರುವ ಮೋಟಾರು ಅಪಘಾತ ನ್ಯಾಯಮಂಡಳಿಯ ಮೂಲಕ. 2022ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿಯಂತೆ ಆರು ತಿಂಗಳೊಳಗೆ ಅರ್ಜಿ ಹಾಕುವುದು ಕ್ಷೇಮ, ಹಣ ಬರುವುದು ಮಾತ್ರ ನಿಧಾನ. ಗುದ್ದಿದವನು ಓಡಿಹೋದರಂತೂ ಸರ್ಕಾರದ ಹಿಟ್ ಅಂಡ್ ರನ್ ಪರಿಹಾರ ಸಾವು ಮತ್ತು ತೀವ್ರ ಗಾಯಕ್ಕಷ್ಟೇ ಸಿಗುತ್ತದೆ, ಗೋಡೆಗಲ್ಲ. ಗೃಹ ರಕ್ಷಾ ಪಾಲಿಸಿಗೆ ಚಾಲಕ ಯಾರು, ಸಿಕ್ಕನೋ ಇಲ್ಲವೋ ಎಂಬುದು ಮುಖ್ಯವಲ್ಲ. ನಿಮಗೆ ಹಣ ಕೊಟ್ಟು, ಆಮೇಲೆ ಅವನ ಬೆನ್ನು ಹತ್ತುವ ಹಕ್ಕನ್ನು ಕಂಪನಿ ತಾನು ಪಡೆಯುತ್ತದೆ. ಅದಕ್ಕೇ ರಾತ್ರಿಯೇ ಬಂದು “ಮುಗಿಸಿಬಿಡೋಣ, ಇಷ್ಟು ತೊಗೊಳ್ರೀ” ಎನ್ನುವವರ ಕಾಗದಕ್ಕೆ ಸಹಿ ಹಾಕಬೇಡಿ. “ಇನ್ನೇನೂ ಬಾಕಿಯಿಲ್ಲ” ಎಂದು ನೀವು ಬರೆದುಕೊಟ್ಟರೆ ಕಂಪನಿಯ ಆ ಹಕ್ಕು ಕೆಡುತ್ತದೆ, ನಿಮ್ಮ ಕ್ಲೇಮೂ ತೊಡಕಿಗೆ ಬೀಳುತ್ತದೆ.

ಇನ್ನು ಮೊದಲ ಕೆಲವು ಗಂಟೆ. ಹೆಚ್ಚು ಹಾಳಾಗುವುದು ಇಲ್ಲೇ. ಗಾಯಾಳುಗಳಿಗಾಗಿ, ಪೊಲೀಸರಿಗಾಗಿ 112, ಅಗ್ನಿಶಾಮಕಕ್ಕೆ 101. ಅಡುಗೆಮನೆಗೆ ಪೈಪ್ ಗ್ಯಾಸ್ ಇದ್ದರೆ ಹೊರಗಿನ ವಾಲ್ವ್ ಮುಚ್ಚಿ ಗ್ಯಾಸ್ ಕಂಪನಿ ಎಂಎನ್‌ಜಿಎಲ್‌ಗೆ ತಿಳಿಸಿ. ವಾಸನೆ ಬರುತ್ತಿದ್ದರೆ ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ. ಮೀಟರ್ ಪೆಟ್ಟಿಗೆಗೇ ಏಟು ಬಿದ್ದಿದ್ದರೆ ವಿದ್ಯುತ್ ಕಂಪನಿ ಮಹಾವಿತರಣದವರು ಕಂಬದಲ್ಲಿ ಲೈನ್ ತೆಗೆಯುವತನಕ ಯಾರೂ ಹತ್ತಿರ ಹೋಗಬಾರದು.

ಕಾರನ್ನು ಕೂಡಲೇ ಎಳೆಯಲು ಬಿಡಬೇಡಿ. ಕಾಲಂ ಇಲ್ಲದೆ ಗೋಡೆಯ ಮೇಲೇ ಸ್ಲ್ಯಾಬ್ ಕೂತಿರುವ ಹಳೆಯ ಮನೆಗಳಲ್ಲಿ ಒಡೆದ ಗೋಡೆಯ ಭಾರವನ್ನು ಆ ಕ್ಷಣಕ್ಕೆ ಕಾರೇ ಹೊತ್ತಿರಬಹುದು. ಎಳೆದರೆ ಲಿಂಟಲ್ (ಬಾಗಿಲು-ಕಿಟಕಿಯ ಮೇಲಿನ ಅಡ್ಡತೊಲೆ) ಮತ್ತು ಸ್ಲ್ಯಾಬ್ ಕೆಳಗೆ ಬರುತ್ತವೆ. ಮೊದಲು ಸೆಂಟ್ರಿಂಗ್‌ನವರಿಂದ ಕಬ್ಬಿಣದ ಜಾಕ್ ತರಿಸಿ, ಒಡೆದ ಭಾಗದ ಒಳಬದಿ ಸುಮಾರು ಒಂದೊಂದು ಮೀಟರ್ ಅಂತರದಲ್ಲಿ ನಿಲ್ಲಿಸಬೇಕು. ಎಷ್ಟು, ಎಲ್ಲಿ ಎಂಬುದನ್ನು ಇಂಜಿನಿಯರ್ ಹೇಳಲಿ. ಜಾಕ್‌ನ ಕೆಳಗೂ ಮೇಲೂ ದಪ್ಪ ಹಲಗೆ ಇರಲಿ. ಬರೀ ಟೈಲ್ಸ್ ಮೇಲೆ ನಿಂತ ಜಾಕ್ ಟೈಲ್ಸ್ ಒಡೆದು ಕುಸಿಯುತ್ತದೆ. ಸ್ಲ್ಯಾಬಿಗೆ ತಾಗುವಷ್ಟು ತಿರುಗಿಸಿದರೆ ಸಾಕು, ಎತ್ತಲು ಹೋದರೆ ಸ್ಲ್ಯಾಬ್ ಬಿರುಕು ಬಿಡುತ್ತದೆ. ಆಮೇಲೆ ಕಾರನ್ನು ಬಂದ ದಾರಿಯಲ್ಲೇ ನೇರ ಹಿಂದಕ್ಕೆ, ನಿಧಾನವಾಗಿ ಎಳೆಸಿ.

ಅದಕ್ಕೂ ಮುಂಚೆ ಕಾರು ಅಲ್ಲೇ ಇರುವಾಗ ಫೋಟೋ ತೆಗೆಯಿರಿ: ನಂಬರ್ ಪ್ಲೇಟ್ ಕಾಣುವಂತೆ, ಬಂಪರ್ ತಾಗಿದ ಜಾಗ ಕಾಣುವಂತೆ, ಪ್ರತಿ ಬಿರುಕಿನ ಪಕ್ಕ ಅಳತೆಪಟ್ಟಿ ಹಿಡಿದು. ಪೊಲೀಸರ ಸ್ಥಳ ಪಂಚನಾಮೆ ಮರಾಠಿಯಲ್ಲಿರುತ್ತದೆ. ಸಹಿ ಮಾಡುವ ಮೊದಲು ಬಲ್ಲವರಿಂದ ಓದಿಸಿ, ಕಂಪೌಂಡಿನ ಉದ್ದ, ಗೇಟು, ಮೀಟರ್ ಪೆಟ್ಟಿಗೆ, ಒಳಗಿನ ಸಾಮಾನು ಎಲ್ಲ ಬಂದಿದೆಯೇ ನೋಡಿ. ಅದರಲ್ಲಿ ಬಿಟ್ಟುಹೋದದ್ದನ್ನು ಹಾನಿ ಅಂದಾಜು ಮಾಡಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಮುಂದೆ ಸಾಬೀತು ಮಾಡುವುದು ಕಷ್ಟ. ಕಂಪನಿಗೆ ಅಂದೇ ತಿಳಿಸಿ. ಕ್ಲೇಮ್ ಫಾರ್ಮ್‌ಗೆ 30 ದಿನಗಳ ಗಡುವಿದೆ. ಮುರಿದ ಗ್ರಿಲ್, ಗೇಟು, ಚೌಕಟ್ಟನ್ನು ಗುಜರಿಗೆ ಹಾಕಬೇಡಿ, ಸರ್ವೇಯರ್ ಅದರ ಗುಜರಿ ಬೆಲೆಯನ್ನು ಲೆಕ್ಕ ಹಾಕಿ ಕ್ಲೇಮಿನಿಂದ ಕಳೆಯುತ್ತಾನೆ.

ಕಾಲಂ-ಬೀಮ್ ಇರುವ ಮನೆಯಲ್ಲಿ ಗೋಡೆ ಬಿದ್ದದ್ದು ದೊಡ್ಡ ಮಾತಲ್ಲ, ನೋಡಬೇಕಾದದ್ದು ಕಾಲಂ. ನೆಲದಿಂದ ಒಂದೂವರೆ-ಎರಡು ಅಡಿ ಎತ್ತರದಲ್ಲಿ, ಬಂಪರ್ ತಾಗುವಲ್ಲಿ, ಪ್ಲಾಸ್ಟರ್ ಕಿತ್ತು ನೋಡಲೇಬೇಕು. ಪ್ಲಾಸ್ಟರ್ ಮೇಲೆಯೇ ಹ್ಯಾಮರ್ ಟೆಸ್ಟ್ (ಕಾಂಕ್ರೀಟಿನ ಗಟ್ಟಿತನ ಅಳೆಯುವ ಪರೀಕ್ಷೆ) ಮಾಡಿ ಕೊಟ್ಟ ವರದಿಗೆ ಬೆಲೆಯಿಲ್ಲ. ಕೂದಲೆಳೆಯ ಬಿರುಕಿಗೆ ಎಪಾಕ್ಸಿ ಅಂಟು ತುಂಬಿದರೆ ಆಗಬಹುದು. ಓರೆಯಾಗಿ ಸೀಳಿದ ಬಿರುಕು, ಬಿಚ್ಚಿಕೊಂಡ ರಿಂಗ್ (ಕಾಲಂನ ಸರಳುಗಳನ್ನು ಸುತ್ತಿ ಕಟ್ಟಿದ ಕಂಬಿ), ಬಾಗಿದ ಸರಳು ಕಂಡರೆ ಜಾಕೆಟಿಂಗ್ ಬೇಕು: ಸುತ್ತ ಹೊಸ ಸರಳು, ರಿಂಗ್ ಕಟ್ಟಿ 75ರಿಂದ 100 ಮಿ.ಮೀ. ಮೈಕ್ರೋ-ಕಾಂಕ್ರೀಟ್. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿಡಿ. ಗಾಜು ಒಡೆದರೆ ಕಟ್ಟಡ ಇನ್ನೂ ಸರಿಯುತ್ತಿದೆ. ಜಾಕೆಟಿಂಗ್ ಕೆಲಸವನ್ನು ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಮಾಡಿ ಬರೆದುಕೊಟ್ಟರೆ ಮಾತ್ರ ಎಸ್ಟಿಮೇಟಿನಲ್ಲಿ ಉಳಿಯುತ್ತದೆ. ಮೇಸ್ತ್ರಿಯ ಬಾಯಿಮಾತು ನಿಲ್ಲುವುದಿಲ್ಲ.

ಎಸ್ಟಿಮೇಟಿನಲ್ಲಿ “ಗೋಡೆ ಕೆಲಸ, ಒಟ್ಟು ಇಷ್ಟು” ಎಂದು ಒಂದೇ ಸಾಲು ಬರೆದರೆ ಸರ್ವೇಯರ್ ತನಗೆ ತೋಚಿದಷ್ಟು ಕಡಿತ ಮಾಡುತ್ತಾನೆ. ಅಳತೆ ಸಮೇತ ಬರೆಸಿ. 3 ಮೀಟರ್ ಉದ್ದ, 2.4 ಮೀಟರ್ ಎತ್ತರದ 230 ಮಿ.ಮೀ. ಗೋಡೆ ಎಂದರೆ ಸುಮಾರು 1.66 ಘನ ಮೀಟರ್. ಘನ ಮೀಟರಿಗೆ 500ರಂತೆ 830 ಇಟ್ಟಿಗೆ, ಒಡೆಯುವುದನ್ನು ಸೇರಿಸಿ 900. 1:6 ಗಾರೆಗೆ (ಒಂದು ಪಾಲು ಸಿಮೆಂಟ್, ಆರು ಪಾಲು ಮರಳು) ಮೂರು ಚೀಲ ಸಿಮೆಂಟ್. ಹೊಸ ಇಟ್ಟಿಗೆ ಕಾಲಂಗೆ ಸೇರುವ ಸಂದಿಯ ಮೇಲೆ ಚಿಕನ್ ಮೆಶ್ ಎಂಬ ತೆಳು ತಂತಿಬಲೆ ಬಿಗಿದೇ ಪ್ಲಾಸ್ಟರ್ ಮಾಡಬೇಕು, ಇಲ್ಲದಿದ್ದರೆ ಆ ಗೆರೆಯಲ್ಲೇ ಮತ್ತೆ ಬಿರುಕು. ಏಳು ದಿನ ನೀರುಣಿಸುವ ಕೂಲಿಯನ್ನೂ ಸೇರಿಸಿ. ಪುಣೆಯಲ್ಲಿ ಕಲಬುರಗಿ, ವಿಜಯಪುರ ಕಡೆಯ ಗೌಂಡಿಗಳು ಬೇಕಾದಷ್ಟಿದ್ದಾರೆ, ಕೆಲಸವೂ ಅಚ್ಚುಕಟ್ಟು. ಆದರೆ ಬಿಲ್ಲು ಕೊಡಬಲ್ಲ ಗುತ್ತಿಗೆದಾರನ ಮೂಲಕವೇ ಮಾಡಿಸಿ. ಕಾರಣ, ಈ ಪಾಲಿಸಿಯಲ್ಲಿ ಕಟ್ಟಡದ ರಿಪೇರಿಗೆ ನೀವು ಮೊದಲು ಖರ್ಚು ಮಾಡಿ ಆಮೇಲೆ ಅದನ್ನು ಕೇಳಬೇಕು. ಕೈಯಲ್ಲಿ ಹಣವಿಲ್ಲದವರಿಗೆ ಇದು ನಿಜಕ್ಕೂ ಭಾರ, ಪಾಲಿಸಿಯ ಮೊದಲ ಕೊರತೆ ಎಂದರೆ ಇದೇ.

ಎರಡನೆಯ ಕೊರತೆ, ಒಡೆದ ಗೋಡೆಯ ಇಟ್ಟಿಗೆ-ಕಲ್ಲುಮಣ್ಣಿನ ಸಾಗಣೆ. ಅದಕ್ಕೆ ಕ್ಲೇಮ್ ಮೊತ್ತದ ಶೇ. 2ರವರೆಗೆ ಮಾತ್ರ. ನಾಲ್ಕು ಲಕ್ಷದ ಕ್ಲೇಮ್‌ಗೆ 8,000 ರೂಪಾಯಿ. ಕಂಪೌಂಡ್ ಪೂರ್ತಿ ಬಿದ್ದಿದ್ದರೆ ಇದು ಸಾಲದೇ ಹೋಗಬಹುದು. ಇಂಜಿನಿಯರ್ ಶುಲ್ಕಕ್ಕೆ ಶೇ. 5, ಅಂದರೆ 20,000, ಇದು ಪರವಾಗಿಲ್ಲ. ಮನೆ ವಾಸಕ್ಕೆ ಯೋಗ್ಯವಲ್ಲವಾದರೆ ಬದಲಿ ಮನೆಯ ಬಾಡಿಗೆಯೂ ಸಿಗುತ್ತದೆ, ಆದರೆ ವಾಸಯೋಗ್ಯವಲ್ಲ ಎಂಬ ಪ್ರಮಾಣಪತ್ರ ಇಟ್ಟುಕೊಂಡೇ ಮನೆ ಬಿಡಿ.

ಕೊಳ್ಳುವಾಗ ತಪ್ಪುವುದು ವಿಮಾ ಮೊತ್ತದಲ್ಲಿ. ಕಾರ್ಪೆಟ್ ಏರಿಯಾವನ್ನು (ಗೋಡೆಗಳ ಒಳಗಿನ ಬಳಕೆಯ ಜಾಗ) ಕಟ್ಟುವ ದರದಿಂದ ಗುಣಿಸಬೇಕು, ಜಾಗದ ಬೆಲೆ ಸೇರಿಸಬಾರದು. 900 ಚದರ ಅಡಿ, ಚದರ ಅಡಿಗೆ 2,000 ಎಂದು ಹಿಡಿದರೆ 18 ಲಕ್ಷ, ಅದರ ಶೇ. 20, ಅಂದರೆ 3.6 ಲಕ್ಷ, ಮನೆಯ ಸಾಮಾನಿಗೆ ತಾನಾಗಿಯೇ ಸೇರುತ್ತದೆ. ಈ ಶೇ. 20ಕ್ಕೆ 10 ಲಕ್ಷದ ಮಿತಿಯಿದೆ. ಟೆರೇಸ್ ಮೇಲೆ ರೂಮು ಕಟ್ಟಿಸಿ ಕಾರ್ಪೆಟ್ ಏರಿಯಾ ಶೇ. 10ಕ್ಕಿಂತ ಹೆಚ್ಚಾಗಿದ್ದರೆ ಕಂಪನಿಗೆ ತಿಳಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಿ. ಗೃಹಸಾಲದ ಜೊತೆ ಬ್ಯಾಂಕಿನಲ್ಲಿ ಕೊಂಡ ವಿಮೆ ಇದ್ದವರು ಅದರ ಷೆಡ್ಯೂಲನ್ನು (ಪಾಲಿಸಿಯ ವಿವರದ ಪುಟ) ಇವತ್ತೇ ತೆಗೆದು ನೋಡಿ. ಅದು ಸಾಲಗಾರನ ಜೀವವಿಮೆ ಮಾತ್ರ ಆಗಿದ್ದರೆ ಗೋಡೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಗೃಹವಿಮೆಯೇ ಆಗಿದ್ದು ಬ್ಯಾಂಕಿನ ಹೆಸರು ಅದರಲ್ಲಿದ್ದರೆ, ಕ್ಲೇಮ್ ಹಣ ಮೊದಲು ಬ್ಯಾಂಕಿಗೆ ಹೋಗಬಹುದು. ರಿಪೇರಿಗೆ ಅದನ್ನು ಬಿಡುಗಡೆ ಮಾಡುವ ಬಗ್ಗೆ ಶಾಖೆಯಿಂದ ಬರಹದಲ್ಲಿ ಪಡೆದುಕೊಂಡೇ ಗುತ್ತಿಗೆದಾರನಿಗೆ ಮುಂಗಡ ಕೊಡಿ.